ಪೊದೆ ಬಡಿದವರ ಪಾಲು

ನಂದಗುಡಿಯಲ್ಲಿ ನಾವು ಏಳೆಂಟು ಜನ ಭಾನುವಾರ ಸಂಜೆ ಸೇರಿ ಪುಸ್ತಕ ಓದುತ್ತೇವೆ. ಇಬ್ಬರು ಪ್ರೈಮರಿ ಮೇಷ್ಟ್ರು, ಮೂವರು ಕಾಲೇಜು ಹುಡುಗರು, ಒಬ್ಬ ಟೈಲರ್, ನಾನು, ಮತ್ತೆ ಆವತ್ತು ಯಾರು ಬಿಡುವಾಗಿರುತ್ತಾರೋ ಅವರು. ಹೋದ ಬೇಸಿಗೆಯಲ್ಲಿ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಬೇಟೆಯ ಕತೆಗಳನ್ನು ಓದುತ್ತಿದ್ದೆವು. ಮರದ ಮೇಲೆ ಅಟ್ಟಣೆ, ಕೆಳಗೆ ಕಟ್ಟಿದ ಎಮ್ಮೆಕರು, ಕತ್ತಲು, ಎಲ್ಲೋ ಒಂದು ತರಗೆಲೆಯ ಸದ್ದು. ಎಲ್ಲರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದಾಗ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿರುವ ಒಬ್ಬ ಹುಡುಗ ಕೇಳಿದ: "ಅಣ್ಣಾ, ಅದೆಲ್ಲಾ ಸರಿ. ಅವ್ನಿಗೆ ತುಪಾಕಿ ಯಾರು ಕೊಟ್ರು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಊಟಕ್ಕೆ ಕೂತ ಮೇಲೆ ನಗು ನಿಂತುಹೋಯಿತು. ಕನ್ನಡದಲ್ಲಿ ಬೇಟೆಯ ಬರವಣಿಗೆ ಇಷ್ಟು ಇದೆಯಲ್ಲ, ಅದರಲ್ಲಿ ಕೋವಿ ಕೈಗೆ ಬಂದ ಕತೆಯನ್ನು ನಾನು ಎಲ್ಲಿ ಓದಿದ್ದೇನೆ? ನೆನಪಿಗೆ ಬರಲಿಲ್ಲ. ಹುಲಿ ಬರುತ್ತದೆ, ಹಂದಿ ಬರುತ್ತದೆ, ಗುರಿ ತಪ್ಪುತ್ತದೆ, ಗುರಿ ತಾಗುತ್ತದೆ. ಕೋವಿ ಮಾತ್ರ ಕತೆ ಶುರುವಾಗುವುದಕ್ಕೆ ಮುಂಚೆಯೇ ಗೋಡೆಯ ಗೂಟದಲ್ಲಿ ನೇತಾಡುತ್ತಿರುತ್ತದೆ. ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳುವುದು ವಿಮರ್ಶೆಯ ಕೆಲಸವಲ್ಲ ಎಂದು ನಮಗೆ ಎಂ.ಎ. ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಹಾಗಂತ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಪಾಠ ಅದೇ ಆಗಿತ್ತು. ಭಾಷೆ, ತಂತ್ರ, ಪ್ರಕೃತಿಯ ವರ್ಣನೆ, ದರ್ಶನ ಇಷ್ಟನ್ನೂ ನೋಡು, ಗೂಟದ ಕಡೆ ನೋಡಬೇಡ. ಈ ಲೇಖನ ಗೂಟದ ಕಡೆ ನೋಡುವ ಒಂದು ಪ್ರಯತ್ನ.

ಮೊದಲು ಕೋವಿ ಕೈಗೆ ಬಂದದ್ದನ್ನು ಬಾಯಿತುಂಬ ಹೇಳಿಕೊಂಡ ಒಬ್ಬನನ್ನು ನೋಡೋಣ. ಜಿಮ್ ಕಾರ್ಬೆಟ್. ಅವನ ರುದ್ರಪ್ರಯಾಗದ ನರಭಕ್ಷಕನ ಪುಸ್ತಕವನ್ನೂ ತೇಜಸ್ವಿಯವರೇ ಕನ್ನಡಕ್ಕೆ ತಂದಿದ್ದಾರೆ. ನಮ್ಮ ಹಳ್ಳಿಯ ಲೈಬ್ರರಿಗಳಲ್ಲಿ ರಟ್ಟು ಕಿತ್ತುಹೋಗುವಷ್ಟು ಓದಿಸಿಕೊಂಡ ಪುಸ್ತಕ ಅದು. ಅದೇ ಕಾರ್ಬೆಟ್ 1953ರಲ್ಲಿ 'ಜಂಗಲ್ ಲೋರ್' ಎಂಬ ಪುಸ್ತಕದಲ್ಲಿ ತನ್ನ ಬಾಲ್ಯ ಹೇಳಿಕೊಂಡಿದ್ದಾನೆ. ಬಂಧುವೊಬ್ಬ ಆ ಹುಡುಗನಿಗೆ ಒಂದು ಹಳೆಯ ಜೋಡುನಳಿಗೆ ಕೋವಿ ಕೊಡುತ್ತಾನೆ. ಬಾಯಿಯಿಂದ ಮದ್ದು ತುಂಬುವಂಥದು. ಒಂದು ನಳಿಗೆ ಸೀಳಿಹೋಗಿದೆ, ಮರದ ಹಿಡಿಗೂ ನಳಿಗೆಗೂ ಹಿತ್ತಾಳೆ ತಂತಿ ಸುತ್ತಿ ಬಿಗಿದಿದೆ. ಇನ್ನೂ ಸ್ವಲ್ಪ ದಿನಕ್ಕೆ ಶಾಲೆಯ ಕೆಡೆಟ್ ಪಡೆಯ ಮಾರ್ಟಿನಿ ರೈಫಲ್ಲು ಎರವಲಾಗಿ ಸಿಗುತ್ತದೆ. ಅದರಲ್ಲೇ ಅವನು ಮೊದಲ ಚಿರತೆ ಹೊಡೆಯುವುದು. ಓದಲಿಕ್ಕೆ ಬಹಳ ಚೆಂದ. ಒಬ್ಬ ಬಡ ಪೋಸ್ಟ್‌ಮಾಸ್ಟರನ ಮಗ, ತಂದೆ ಇಲ್ಲದ ಹುಡುಗ, ಮುರುಕಲು ಕೋವಿ. ನಮ್ಮ ಹುಡುಗರಿಗೆ ಅವನು ನಮ್ಮವನೇ ಅನ್ನಿಸಿಬಿಡುತ್ತಾನೆ.

ಆದರೆ ಲೆಕ್ಕ ಹಾಕಿ. ಕಾರ್ಬೆಟ್ ಹುಟ್ಟಿದ್ದು 1875ರಲ್ಲಿ. ಅಂದರೆ ಆ ಕೋವಿ ಅವನ ಕೈಗೆ ಬಂದದ್ದು 1880ರ ದಶಕದಲ್ಲಿ. 1878ರಲ್ಲಿ ವೈಸರಾಯ್ ಲಿಟ್ಟನ್ನನ ಕಾಲದಲ್ಲಿ ಶಸ್ತ್ರ ಕಾಯಿದೆ ಜಾರಿಗೆ ಬಂದಿತ್ತು. ಲೈಸೆನ್ಸ್ ಇಲ್ಲದೆ ಭಾರತೀಯನ ಹತ್ತಿರ ಕೋವಿ ಇದ್ದರೆ ಜೈಲು. ಯೂರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ವಿನಾಯಿತಿ. ಈ ವರ್ಣಭೇದದ ವಿನಾಯಿತಿ ತೆಗೆದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಹಾಗಾದರೆ ಆ ಹುಡುಗನ ಮುರುಕಲು ಕೋವಿಯನ್ನು ಸುತ್ತಿ ಹಿಡಿದಿದ್ದದ್ದು ಹಿತ್ತಾಳೆ ತಂತಿ ಒಂದೇ ಅಲ್ಲ, ಒಂದು ಸಾಮ್ರಾಜ್ಯದ ಕಾಯಿದೆ. ಅದೇ ಕಾಲಾಢುಂಗಿಯ ಕಾಡಿನಲ್ಲಿ, ಅದೇ ವಯಸ್ಸಿನ ಒಬ್ಬ ಕುಮಾವೂನಿ ಹುಡುಗನ ಕೈಯಲ್ಲಿ ಅದೇ ಸೀಳು ನಳಿಗೆ ಇದ್ದಿದ್ದರೆ ಅದು 'ಬಾಲ್ಯದ ನೆನಪು' ಆಗುತ್ತಿರಲಿಲ್ಲ, ಕೇಸು ಆಗುತ್ತಿತ್ತು. ಕಾರ್ಬೆಟ್ ಇದನ್ನು ಮುಚ್ಚಿಟ್ಟ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಅದು ಕಾಣಿಸಲೇ ಇಲ್ಲ. ಗಾಳಿ ಕಾಣಿಸದ ಹಾಗೆ.

ಈಗ ಕನ್ನಡಕ್ಕೆ ಬರೋಣ. ನಮ್ಮಲ್ಲಿ ಬೇಟೆಯ ಗದ್ಯವನ್ನು ಕಟ್ಟಿದವರು ಕುವೆಂಪು. 'ಮಲೆನಾಡಿನ ಚಿತ್ರಗಳು' ಬಂದದ್ದು 1933ರಲ್ಲಿ, 'ಕಾನೂರು ಹೆಗ್ಗಡಿತಿ' 1936ರಲ್ಲಿ, 'ಮಲೆಗಳಲ್ಲಿ ಮದುಮಗಳು' 1967ರಲ್ಲಿ. ಬಯಲುಸೀಮೆಯ ನನ್ನಂಥವನಿಗೆ ಕೋವಿ ಎಂಬ ಪದವೇ ಆ ಪುಸ್ತಕಗಳಿಂದ ಸಿಕ್ಕಿದ್ದು. ನಮ್ಮ ಹೊಸಕೋಟೆ ಸೀಮೆಯಲ್ಲಿ, ಅರ್ಧ ಕನ್ನಡ ಅರ್ಧ ತೆಲುಗು ಆಡುವ ನಮ್ಮ ಊರುಗಳಲ್ಲಿ, ಅದು ತುಪಾಕಿ. ಕೇಪಿನ ಕೋವಿ, ತೋಟಾ ಕೋವಿ, ಚರೆ, ಈಡು, ಹಳು ಸೋವುವುದು, ಈ ಮಾತುಗಳೆಲ್ಲ ಎಷ್ಟು ರುಚಿಯಾಗಿ ಬರುತ್ತವೆ ಆ ಗದ್ಯದಲ್ಲಿ! ಕಾಡಿನ ಪೊದೆಯನ್ನು ಬಡಿದು, ಕೂಗು ಹಾಕಿ, ಪ್ರಾಣಿಯನ್ನು ಕೋವಿಯವನ ಕಡೆ ಅಟ್ಟುವುದಕ್ಕೆ ಅವರು ಹಳು ಸೋವುವುದು ಅನ್ನುತ್ತಾರೆ. ನಮ್ಮ ಕಡೆ ಪೊದೆ ಬಡಿಯೋದು. ಮಾತು ಬೇರೆ, ಬಡಿಯುವ ಕೈ ಎರಡು ಕಡೆಯೂ ಒಂದೇ.

ಒಬ್ಬ ಶೂದ್ರ ಲೇಖಕ ಬೇಟೆಯನ್ನು ಬರೆದದ್ದು ದೊಡ್ಡ ವಿಷಯ. ಅದಕ್ಕೆ ಮುಂಚೆ ಬೇಟೆ ಎಂದರೆ ಚಂಪೂಕಾವ್ಯದ ವರ್ಣನೆಗಳಲ್ಲಿ ಒಂದು, ಅರಸನ ಮೃಗಯಾವಿನೋದ. ಕುವೆಂಪು ಅದನ್ನು ಅರಮನೆಯಿಂದ ಕಿತ್ತು ಒಕ್ಕಲುಮನೆಯ ಅಂಗಳಕ್ಕೆ ತಂದರು. ಅಷ್ಟೇ ಅಲ್ಲ, 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಬಾಗಿಲನ್ನು ತೆರೆಯುವವನು ಹೆಗ್ಗಡೆಯಲ್ಲ, ಹೊಲೆಯರ ಗುತ್ತಿ. ಸಿಂಬಾವಿಯ ಜೀತದಾಳು. ಅವನ ನಾಯಿ ಹುಲಿಯ. ನಾನು ಬಿ.ಎ. ಓದುವಾಗ ಆ ಮೊದಲ ಪುಟಗಳನ್ನು ಓದಿ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ನಮ್ಮವನೊಬ್ಬ ಇಷ್ಟು ದೊಡ್ಡ ಪುಸ್ತಕದ ಹೊಸಿಲಲ್ಲಿ ನಿಂತಿದ್ದಾನೆ ಎಂಬ ಸಂತೋಷಕ್ಕೆ. ಆ ಸಂತೋಷವನ್ನು ನಾನು ಈಗಲೂ ಹಿಂದಕ್ಕೆ ತಗೊಳ್ಳುವುದಿಲ್ಲ.

ಆದರೆ ಗುತ್ತಿಗೆ ನಾಯಿ ಇದೆ, ಕೋವಿ ಇಲ್ಲ. ಊರೂರಲ್ಲಿ ಹೆಸರಾದ ಬೇಟೆನಾಯಿ ಅದು. 'ನಾಯಿಗುತ್ತಿ' ಎಂದೇ ಅವನನ್ನು ಕರೆಯುತ್ತಾರೆ. ಮನುಷ್ಯನ ಹೆಸರಿಗೆ ನಾಯಿ ಅಂಟಿಕೊಂಡಿದೆ. ಕೋವಿ ಇರುವುದು ಗೌಡರ, ಹೆಗ್ಗಡೆಯರ ಮನೆಯಲ್ಲಿ. ಕುವೆಂಪು ಇದನ್ನು ಕಂಡೇ ಬರೆದಿದ್ದಾರೋ, ಅಥವಾ ಇದ್ದದ್ದನ್ನು ಇದ್ದಹಾಗೆ ಬರೆದದ್ದರಿಂದ ತಾನಾಗಿ ಬಂತೋ? ನನಗೆ ಎರಡನೆಯದೇ ನಿಜ ಅನ್ನಿಸುತ್ತದೆ. ದೊಡ್ಡ ಲೇಖಕನ ಪ್ರಾಮಾಣಿಕತೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿರುತ್ತದೆ, ಹುಲಿಯನ ಹಾಗೆ.

ನಾಯಿಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ಶಾಸನ ಸಿಕ್ಕಿದೆ. ಕ್ರಿ.ಶ. 950ರ ಹೊತ್ತಿನದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ಸೋಲಿಸಿದ ಕಾಲ. ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಆ ಕಲ್ಲಿನ ಪೂಜೆ ನಡೆಯಲಿ ಎಂದು ಭೂಮಿ ಬಿಟ್ಟರು. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಹೆಸರಿದೆ, ಶಿಲ್ಪವಿದೆ, ಜಮೀನಿದೆ. ಆ ಹಂದಿಯನ್ನು ಪೊದೆಯಿಂದ ಎಬ್ಬಿಸಿದವರು ಯಾರು? ಕಲ್ಲು ಹೇಳುವುದಿಲ್ಲ. ಕಾಳಿಯ ಮೇಲೆ ನನಗೆ ಕೋಪವಿಲ್ಲ, ಪಾಪ, ಅದೂ ಯಾರದೋ ಬೇಟೆಗೆ ಸತ್ತದ್ದೇ. ಆದರೆ ಆ ಶಾಸನವನ್ನು ಪ್ರಾಣಿದಯೆಗೆ ಸಾಕ್ಷಿ ಎಂದು ಪಾಠ ಮಾಡುವ ಮೇಷ್ಟ್ರುಗಳು ಒಮ್ಮೆ ಈ ಪ್ರಶ್ನೆಯನ್ನೂ ಮಕ್ಕಳ ಮುಂದೆ ಇಡಲಿ.

ಬೈರ ಎಂಬ ಹೆಸರನ್ನೇ ತೆಗೆದುಕೊಳ್ಳಿ. 'ಕಾನೂರು ಹೆಗ್ಗಡಿತಿ'ಯಲ್ಲಿ ಬೇಲರ ಬೈರ ಇದ್ದಾನೆ, ಗೌಡರ ಮನೆಯ ಆಳು. ಆಂಡರ್ಸನ್ನನ ಕಾಡಿನಲ್ಲಿ ಪೂಜಾರಿ ಬುಡಕಟ್ಟಿನ ಬೈರ ಇದ್ದಾನೆ. ಹೆಜ್ಜೆಗುರುತು ಓದುವವನು, ಗಾಳಿ ಮೂಸುವವನು, ಸಾಹೇಬನ ಕಾಡಿನ ಗುರು. ತೇಜಸ್ವಿಯವರ 'ಪರಿಸರದ ಕತೆ'ಯಲ್ಲಿ 'ಮಾಸ್ತಿ ಮತ್ತು ಬೈರ' ಎಂದು ಕತೆಯ ತಲೆಯ ಮೇಲೆಯೇ ಒಬ್ಬ ಬೈರ ಇದ್ದಾನೆ. ಮೂರು ಪುಸ್ತಕ, ಮೂರು ಬೈರ. ಬೇರೆ ಬೇರೆ ಕಾಡು, ಬೇರೆ ಬೇರೆ ಕಾಲ. ಕನ್ನಡದ ಬೇಟೆಯ ಕತೆ ಬೈರನಿಲ್ಲದೆ ಕಾಡಿನೊಳಕ್ಕೆ ಕಾಲಿಡಲಾರದು. ಆದರೆ ಆ ಕತೆಗಳಲ್ಲಿ 'ನಾನು' ಎಂದು ಹೇಳುವವನು ಎಂದೂ ಬೈರನಲ್ಲ. ಆ 'ನಾನು' ಎಂಬುದು ಕೋವಿ ಹಿಡಿದವನಿಗೆ ಸೇರಿದ್ದು. ಕೋವಿಗೆ ಲೈಸೆನ್ಸ್ ಬೇಕಾದ ಹಾಗೆ 'ನಾನು' ಅನ್ನುವುದಕ್ಕೂ ಒಂದು ಲೈಸೆನ್ಸ್ ಬೇಕು.

ತೇಜಸ್ವಿಯವರ ಬಗ್ಗೆ ಇಷ್ಟು ಹೇಳಿ ಬಿಟ್ಟರೆ ಅನ್ಯಾಯವಾಗುತ್ತದೆ. ಕೋವಿ ಹಿಡಿದು ಕಾಡು ಸುತ್ತಿದವರು ಆಮೇಲೆ ಅದನ್ನು ಕೆಳಗಿಟ್ಟು ಕ್ಯಾಮೆರಾ ಹಿಡಿದರು, ಹಕ್ಕಿಗಳ ಹಿಂದೆ ಹೋದರು. ಬೈರನಿಗೂ ಮಾಸ್ತಿಗೂ ಅವರು ಕೊಟ್ಟ ಗೌರವ ನಾಟಕದ್ದಲ್ಲ. ಅವರ ಗದ್ಯದಲ್ಲಿ ಲೇಖಕ ತನ್ನನ್ನೇ ಪೆದ್ದನನ್ನಾಗಿ ಮಾಡಿಕೊಂಡು ಬೈರನನ್ನು ಬುದ್ಧಿವಂತನನ್ನಾಗಿ ಬಿಡುತ್ತಾನೆ. ಇದು ಒಂದು ತರದ ಪಾಲು ಕೊಡುವಿಕೆಯೇ. ಕೋವಿ ಕೆಳಗಿಡುವುದಕ್ಕೆ ಮೊದಲು ಅದು ಕೈಯಲ್ಲಿರಬೇಕು ಎಂಬುದನ್ನು ಮಾತ್ರ ನಾವು ಮರೆಯಬಾರದು. ತ್ಯಾಗ ಮಾಡುವ ಭಾಗ್ಯವೂ ಎಲ್ಲರಿಗೂ ಸಮನಾಗಿ ಹಂಚಿಹೋಗಿಲ್ಲ.

ಪಾಲಿನ ಮಾತು ಬಂತು. ನಮ್ಮ ತಾತ ಹೇಳುತ್ತಿದ್ದ. ಉಗಾದಿಯ ಮಾರನೇ ದಿನ ಹೊಸತೊಡಕು. ಆವತ್ತು ನಮ್ಮ ಸೀಮೆಯಲ್ಲೆಲ್ಲ ಬೇಟೆ. ಹಿಂದೆ ಊರವರ ತುಪಾಕಿ ಒಂದೋ ಎರಡೋ ಮುಂದೆ ಹೋಗಿ ನಿಲ್ಲುತ್ತಿದ್ದವು. ಕೇರಿಯವರು ತಮಟೆ, ದೊಣ್ಣೆ, ಮೊಲದ ಬಲೆ ಹಿಡಿದು ಪೊದೆ ಬಡಿಯಬೇಕು. ಸಂಜೆ ಪಾಲು ಹಾಕುವಾಗ ಹೊಡೆದವನಿಗೆ ತೊಡೆ. ಆಮೇಲೆ ತುಪಾಕಿಗೆ ಒಂದು ಪಾಲು. ನಾಯಿಗೆ ಒಂದು ಪಾಲು. ಉಳಿದದ್ದರಲ್ಲಿ ಊರವರಿಗೆ. ಅದರಲ್ಲೂ ಉಳಿದರೆ ಪೊದೆ ಬಡಿದವರಿಗೆ. "ತಲೆ, ಕಾಲು, ಕಳ್ಳು ಪಚ್ಚಿ ನಮ್ಗೆ. ರಕ್ತಾನೂ ನಮ್ಗೇಯ" ಎಂದು ತಾತ ನಗುತ್ತ ಹೇಳುತ್ತಿದ್ದ. ತುಪಾಕಿ ಮಾಂಸ ತಿನ್ನುತ್ತದೆಯೇ ಎಂದು ನಾನು ಚಿಕ್ಕವನಿದ್ದಾಗ ಕೇಳಿದ್ದೆ. "ತಿಂತದೆ ಕಣ್ಲಾ, ಯಜಮಾನನ ಬಾಯಲ್ಲಿ ತಿಂತದೆ" ಅಂದಿದ್ದ. ರಾಜಕೀಯ ಅರ್ಥಶಾಸ್ತ್ರದ ದಪ್ಪ ಪುಸ್ತಕಗಳನ್ನು ಆಮೇಲೆ ಓದಿದೆ. ಇದಕ್ಕಿಂತ ಸಲೀಸಾಗಿ ಬಂಡವಾಳದ ಪಾಲನ್ನು ಯಾರೂ ನನಗೆ ವಿವರಿಸಲಿಲ್ಲ.

ಆ ಬೇಟೆ ಈಗ ಕಾನೂನಿನಲ್ಲಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ಕೆಲವು ಪ್ರಾಣಿಗಳನ್ನು ಹೊಡೆಯಲು ಫೀಸು ಕಟ್ಟಿ ಲೈಸೆನ್ಸ್ ಪಡೆಯುವ ದಾರಿ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಮುಚ್ಚಿದ್ದು ಸರಿಯೇ. ಮೊಲ, ಗೌಜಲು, ಉಡ ನಮ್ಮ ಕಣ್ಣ ಮುಂದೆಯೇ ಇಲ್ಲವಾಗಿವೆ. ನೀಲಗಿರಿ ತೋಪಿನಲ್ಲಿ ಪೊದೆಯೇ ಇಲ್ಲ, ಬಡಿಯುವುದೇನನ್ನು? ಆದರೆ ಕಾಯಿದೆ ಬಂದಾಗ ಯಾರು ಯಾವ ಹೆಸರು ಪಡೆದರು ನೋಡಿ. ಹುಲಿ ಹೊಡೆದ ದೊರೆಗಳು ಪ್ರಾಣಿಪ್ರಿಯರಾದರು, ಅವರ ಶಿಕಾರಿ ನೆಲಗಳು ಅಭಯಾರಣ್ಯಗಳಾದವು. ಬಂಡೀಪುರ, ನಾಗರಹೊಳೆ ಮೈಸೂರು ಅರಸರ ಬೇಟೆಯ ಕಾಡುಗಳು. ಬಲೆ ಹಾಕಿ ಹೊಟ್ಟೆ ಹೊರೆದ ಹಕ್ಕಿಪಿಕ್ಕಿಗಳು ಕಳ್ಳಬೇಟೆಗಾರರಾದರು. ಬಲೆಗೆ ಪಿತ್ರಾರ್ಜಿತದ ಮರ್ಯಾದೆ ಇಲ್ಲ.

ಹೀಗಾಗಿ ಇವತ್ತು ಒಬ್ಬ ಹಳ್ಳಿಯ ಯುವಕ ಮೊದಲ ತುಪಾಕಿಗೆ ಅರ್ಜಿ ಹಾಕುವುದಾದರೆ ಉಳಿದಿರುವುದು ಬೆಳೆ ಕಾಯುವ ಕಾರಣ, ಜೀವ ಕಾಯುವ ಕಾರಣ, ಇಲ್ಲವೇ ಗುರಿಯಾಟದ ಕ್ರೀಡೆ. ಮೂರನೆಯದು ನಮ್ಮ ಕಡೆಯವರ ಕನಸಿಗೂ ಬರುವುದಿಲ್ಲ. ಮೊದಲಿನ ಎರಡರ ಕತೆಯನ್ನು ಹೇಳುತ್ತೇನೆ. ಕನ್ನಡದ ಬೇಟೆ ಸಾಹಿತ್ಯ ಬರೆಯದೆ ಬಿಟ್ಟ ಅಧ್ಯಾಯ ಇದೇ. ಇದು ಕಾಡಿನಲ್ಲಿ ನಡೆಯುವುದಿಲ್ಲ, ಕಚೇರಿಯ ಬೆಂಚಿನ ಮೇಲೆ ನಡೆಯುತ್ತದೆ.

1959ರ ಶಸ್ತ್ರ ಕಾಯಿದೆಯನ್ನು ನಾನು ಒಂದು ಕೃತಿಯ ಹಾಗೆ ಓದಿದೆ. ಓದಬೇಕಾದದ್ದೇ. ಅದರ 13ನೇ ಕಲಮು ಅರ್ಜಿ ಬಂದ ಕೂಡಲೇ ಹತ್ತಿರದ ಠಾಣೆಯಿಂದ ವರದಿ ತರಿಸಬೇಕು ಎನ್ನುತ್ತದೆ. ಬೆಳೆ ಕಾಯಲು ಬಾಯಿಮದ್ದಿನ ಕೋವಿಗೆ ಲೈಸೆನ್ಸ್ ಕೊಡಬಹುದು ಎನ್ನುತ್ತದೆ. 9ನೇ ಕಲಮು ವಯಸ್ಸನ್ನು ಹೇಳುತ್ತದೆ; ಮೊದಲು 16 ಇದ್ದದ್ದನ್ನು 1983ರಲ್ಲಿ 21 ಮಾಡಿದರು. ಇಂಗ್ಲೆಂಡಿನಲ್ಲಿ 14 ತುಂಬಿದ ಹುಡುಗನಿಗೂ ಸರ್ಟಿಫಿಕೇಟು ಸಿಗುತ್ತದಂತೆ, ಇರಲಿ. 2016ರ ಹೊಸ ನಿಯಮಗಳು ತರಬೇತಿ ಪಡೆದ ಪತ್ರ, ವೈದ್ಯರ ಪತ್ರ ಕೇಳುತ್ತವೆ. 2019ರ ತಿದ್ದುಪಡಿ ಒಬ್ಬನ ಹತ್ತಿರ ಮೂರು ಇರಬಹುದಾಗಿದ್ದ ಬಂದೂಕನ್ನು ಎರಡಕ್ಕೆ ಇಳಿಸಿತು. ಒಂದೂ ಇಲ್ಲದವನಿಗೆ ಮೂರಾದರೇನು, ಎರಡಾದರೇನು.

ಇದರ ನಡುವೆ 14ನೇ ಕಲಮಿನ ಎರಡನೇ ಉಪಕಲಮು ನನ್ನ ಕಣ್ಣು ಕುಕ್ಕಿತು. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸಕೂಡದು ಎಂದು ಅದು ಹೇಳುತ್ತದೆ. ಗಣರಾಜ್ಯ ಹುಟ್ಟಿ ಒಂಬತ್ತೇ ವರ್ಷವಾಗಿದ್ದಾಗ ಬರೆದ ಸಾಲು. ಆಸ್ತಿ ಇದ್ದವನು ಮಾತ್ರ ನಂಬಿಕಸ್ಥ ಎಂಬ ಹಳೆಯ ನಂಬಿಕೆಯ ಕುತ್ತಿಗೆಗೆ ಕೈ ಹಾಕಿದ ಸಾಲು. ಬಂಡಾಯದ ಎಷ್ಟೋ ಪದ್ಯಗಳಿಗಿಂತ ಇದು ಬಂಡಾಯದ ಸಾಲು ಎಂದು ನಾನು ಗುಂಪಿನಲ್ಲಿ ಹೇಳಿದೆ. ಆದರೆ ಅದೇ ಕಾಯಿದೆಯ ಅರ್ಜಿ ನಮೂನೆಗೆ ಬನ್ನಿ. ಬೆಳೆ ಕಾಯಲು ಎಂದು ಬರೆದರೆ ಸಾಗುವಳಿ ಜಮೀನು ಎಲ್ಲಿದೆ, ಎಷ್ಟಿದೆ ಎಂದು ಕೇಳುತ್ತದೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕಾಯಿದೆ ಒಂದು ಬಾಗಿಲಲ್ಲಿ ಹೊರಗೆ ಹಾಕಿದ ಆಸ್ತಿ ಇನ್ನೊಂದು ಬಾಗಿಲಲ್ಲಿ ಪಹಣಿ ಹಿಡಿದುಕೊಂಡು ಒಳಗೆ ಬಂತು, ಅಷ್ಟೆ.

ನಮ್ಮ ದೊಡ್ಡಪ್ಪನ ಮಗನ ಹತ್ತಿರ ಎರಡೆಕರೆ ಇದೆ. ಗ್ರಾಂಟ್ ಜಮೀನು. ನಡುವೆ ಕೈ ತಪ್ಪಿಹೋಗಿ, 1978ರ ಪರಭಾರೆ ನಿಷೇಧ ಕಾಯಿದೆಯ ಕೆಳಗೆ ಕೋರ್ಟು ಅಲೆದು ವಾಪಸ್ಸು ಬಂದದ್ದು. ಉಳುತ್ತಿರುವವನು ಅವನು, ಪಹಣಿಯಲ್ಲಿ ಇನ್ನೂ ಹಳೆಯ ಹೆಸರು ಕೂತಿದೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಹಂದಿ ನುಗ್ಗುತ್ತವೆ. ಒಂದೊಂದು ರಾತ್ರಿಗೆ ಒಂದೊಂದು ಗುಂಟೆ ಚಾಪೆ ಹಾಸಿದ ಹಾಗೆ. ಅರ್ಜಿ ಹಾಕೋಣ ಅಂದ. ಬರೆದುಕೊಟ್ಟವನು ನಾನು, ಮನೆಗೆ ಒಬ್ಬ ಓದಿದವನಿದ್ದರೆ ಇನ್ನೇನು ಉಪಯೋಗ! ಯಾವ ಕಚೇರಿ ಎಂದು ಹೇಳುವುದು ಬೇಡ. ಅಲ್ಲಿ ಒಬ್ಬರು ಅರ್ಜಿಯನ್ನು ಓದಿ, ಅಣ್ಣನನ್ನು ಕಾಲಿನಿಂದ ತಲೆಯವರೆಗೆ ನೋಡಿ ಕೇಳಿದರು:

"ಏನಯ್ಯಾ, ಯಾರಿಗೆ ಹೊಡೀಬೇಕು ಅಂತ?"

"ಹಂದಿಗೆ ಸಾ."

"ಹಂದಿಗೋ, ಇನ್ಯಾರಿಗೋ?"

ಪಕ್ಕದ ಕುರ್ಚಿಯವರು ನಕ್ಕರು. ಅಣ್ಣನೂ ನಕ್ಕ. ನಗದೆ ಇದ್ದರೆ ಅರ್ಜಿ ಅಲ್ಲೇ ಸಾಯುತ್ತದೆ ಎಂಬುದು ಅವನಿಗೆ ಗೊತ್ತು. ನಕ್ಕರೂ ಸತ್ತಿತು, ಸ್ವಲ್ಪ ನಿಧಾನವಾಗಿ. ಪಹಣಿ ಸರಿ ಮಾಡಿಸಿಕೊಂಡು ಬಾ ಎಂದು ಕಳಿಸಿದರು. ನಾನು ಆ ಪ್ರಶ್ನೆಯನ್ನೇ ಆಮೇಲೆ ಬಹಳ ದಿನ ಯೋಚಿಸಿದೆ. ಊರಿನ ತೋಟದ ಯಜಮಾನರು ಅರ್ಜಿ ಹಾಕಿದಾಗಲೂ ಯಾರಿಗೆ ಹೊಡೀಬೇಕು ಎಂದು ಕೇಳಿರುತ್ತಾರೆಯೇ? ಇಲ್ಲ. ಅವರ ತುಪಾಕಿ ಹಂದಿಯ ಕಡೆ ತಿರುಗಿದೆ ಎಂದು ಎಲ್ಲರಿಗೂ ಗೊತ್ತು. ನಮ್ಮ ತುಪಾಕಿ, ಇನ್ನೂ ಕೈಗೇ ಬಾರದ ತುಪಾಕಿ, ಆಗಲೇ ಮನುಷ್ಯರ ಕಡೆ ತಿರುಗಿ ಕೂತಿದೆ. ಒಂದೇ ನಮೂನೆ, ಒಂದೇ ಕಾರಣ, ಒಂದೇ ಹಂದಿ. ಓದುವ ಕಣ್ಣು ಬೇರೆ. ಪಠ್ಯವನ್ನು ಹೇಗೆ ಓದಬೇಕು ಎಂದು ಸಾಹಿತ್ಯ ವಿಭಾಗಗಳಲ್ಲಿ ವರ್ಷಗಟ್ಟಲೆ ಚರ್ಚೆ ಮಾಡುತ್ತಾರೆ. ಆ ಮನುಷ್ಯ ಒಂದೇ ಪ್ರಶ್ನೆಯಲ್ಲಿ ಅಣ್ಣನ ಅರ್ಜಿಯ ಒಳಗೆ ಸಾವಿರ ವರ್ಷದ ಭಯವನ್ನು ಓದಿಬಿಟ್ಟ.

ಊರಲ್ಲಿ ಎಷ್ಟು ತುಪಾಕಿ ಇವೆ ಎಂದು ತಿಳಿಯುವುದು ಎಲೆಕ್ಷನ್ ಬಂದಾಗ. ಲೈಸೆನ್ಸ್ ಇದ್ದವರು ಠಾಣೆಗೆ ತಂದು ಒಪ್ಪಿಸಿ ರಸೀತಿ ತಗೊಳ್ಳಬೇಕು. ಬಟ್ಟೆಯಲ್ಲಿ ಸುತ್ತಿ ಬೈಕಿನ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು ಹೋಗುತ್ತಾರೆ. ಯಾವ ಯಾವ ಮನೆಯಿಂದ ಹೊರಟವು ಎಂದು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತು ಎಣಿಸಬಹುದು. ಕೇರಿಯ ಕಡೆಯಿಂದ ಹೊರಟದ್ದನ್ನು ನಾನು ಇದುವರೆಗೆ ನೋಡಿಲ್ಲ.

ಕೊಡಗಿನ ಗೆಳೆಯರು ಮುನಿಸಿಕೊಳ್ಳದಿದ್ದರೆ ಅಲ್ಲಿಯ ಮಾತನ್ನೂ ಹೇಳಬೇಕು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಶಸ್ತ್ರ ಕಾನೂನಿನಿಂದ ವಿನಾಯಿತಿ ಕೊಟ್ಟ. ಬ್ರಿಟಿಷರ ಕಡೆ ನಿಂತದ್ದಕ್ಕೆ ಬಹುಮಾನ. ಸ್ವತಂತ್ರ ಭಾರತವೂ ಅದನ್ನು ಮುಂದುವರಿಸಿತು. 2019ರಲ್ಲಿ ಕೇಂದ್ರ ಗೃಹ ಮಂತ್ರಾಲಯ 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಕೋವಿ ಒಂದು ಸಂಸ್ಕೃತಿ. ಗಂಡು ಮಗು ಹುಟ್ಟಿದರೆ ಒಂದು ಈಡು, ಸತ್ತರೆ ಎರಡು. ಕೈಲ್ ಪೊಳ್ದ್ ಹಬ್ಬದಲ್ಲಿ ಹೂ ಮುಡಿಸಿ ಪೂಜೆ. ಅದರ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿನಾಯಿತಿ ಸಿಗುವುದು ಕೊಡವ ಕುಲದಲ್ಲಿ ಹುಟ್ಟಿದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ಹುಟ್ಟು, ಇಲ್ಲವೇ ಭೂಮಿ. ಅದೇ ಕೊಡಗಿನ ಗದ್ದೆಯಲ್ಲಿ ತಲೆತಲಾಂತರ ಜೀತ ಮಾಡಿದ ಯರವನಿಗೆ ಎರಡೂ ಇಲ್ಲ. ಒಬ್ಬರ ಸಂಸ್ಕೃತಿ ಇನ್ನೊಬ್ಬರ ಸೆಕ್ಷನ್ ಆಗುವುದು ಹೀಗೆ.

ಇನ್ನು ಜೀವ ಕಾಯುವ ಕಾರಣ. 1989ರ ದೌರ್ಜನ್ಯ ತಡೆ ಕಾಯಿದೆಗೆ 1995ರಲ್ಲಿ ನಿಯಮಗಳನ್ನು ಮಾಡಿದರು. ನಮ್ಮ ಕಾರ್ಯಕರ್ತರು 3ನೇ ನಿಯಮವನ್ನು ಒಮ್ಮೆ ತೆಗೆದು ಓದಿ. ದೌರ್ಜನ್ಯ ನಡೆಯಬಹುದಾದ ಕಡೆ ಪರಿಶಿಷ್ಟರಲ್ಲದವರ ಶಸ್ತ್ರ ಲೈಸೆನ್ಸ್ ರದ್ದು ಮಾಡಬೇಕು, ಅಕ್ರಮ ಬಂದೂಕುಗಳನ್ನು ವಶಪಡಿಸಿಕೊಳ್ಳಬೇಕು, ಮತ್ತು ಅವಶ್ಯ ಕಂಡರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರಾಣ ಮತ್ತು ಆಸ್ತಿಯ ರಕ್ಷಣೆಗಾಗಿ ಶಸ್ತ್ರ ಲೈಸೆನ್ಸ್ ಒದಗಿಸಬೇಕು. ಹೌದು, ಹಾಗೆಂದೇ ಬರೆದಿದೆ. ನಾನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡೆ.

ನಂದಗುಡಿಯ ಮೇಲೆ ಹೋಗುವ ರಸ್ತೆಯಲ್ಲೇ ಮುಂದೆ ಹೋದರೆ ಚಿಂತಾಮಣಿ. ಆ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಮನೆಯೊಳಗೆ ಹಾಕಿ ಸುಟ್ಟರು. ನಿಯಮ ಬಂದು ಐದು ವರ್ಷವಾಗಿತ್ತು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆ ಮನೆಯಲ್ಲಿ ಒಂದು ತುಪಾಕಿ ಇದ್ದಿದ್ದರೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಲಭ, ಸತ್ತವರ ಮೇಲೆ ಕೂತು ಪದ್ಯ ಬರೆದ ಹಾಗೆ. ಬಾಗಿಲಿಗೆ ಹೊರಗಿನಿಂದ ಬೆಂಕಿ ಬಿದ್ದ ಮೇಲೆ ಒಂದು ನಳಿಗೆ ಏನು ಮಾಡುತ್ತದೆ? ಇದ್ದಿದ್ದರೆ ಕೊಂದವರಿಗೆ ಅದೇ ನೆಪವಾಗುತ್ತಿತ್ತು, ಅದನ್ನೂ ಬಲ್ಲೆ. ನನ್ನ ಪ್ರಶ್ನೆ ಓದುಗನದು: ಸರಕಾರವೇ ಬರೆದ ಈ ಸಾಲನ್ನು ಯಾವ ಅಧಿಕಾರಿ ಓದಿದ? ಓದಿ ನಂಬಿದ?

ಈಗ ನಮ್ಮ ಮನೆಯ ಕಸ ಗುಡಿಸೋಣ. ಬಂಡಾಯದ ಕಾವ್ಯದಲ್ಲಿ ಎಷ್ಟು ಖಡ್ಗ, ಎಷ್ಟು ಕೋವಿ, ಎಷ್ಟು ಗುಂಡು! ನನ್ನ ಮೊದಲ ಸಂಕಲನದಲ್ಲೇ ನಾಲ್ಕು ಪದ್ಯಗಳಲ್ಲಿ ಬಂದೂಕು ಇದೆ. ಒಂದರಲ್ಲಂತೂ ಪೆನ್ನು ಬಂದೂಕಾಗುತ್ತದೆ, ಇನ್ನೊಂದರಲ್ಲಿ ಬಂದೂಕು ಪೆನ್ನಾಗುತ್ತದೆ. ಆ ಪದ್ಯ ಓದಿದಾಗ ಹಾಸ್ಟೆಲಿನ ಹುಡುಗರು ಮೇಜು ಗುದ್ದಿದ್ದರು. ನಾನು ಬಂದೂಕನ್ನು ಮುಟ್ಟಿಯೂ ನೋಡಿರಲಿಲ್ಲ, ಅದರ ತೂಕ ಎಷ್ಟು ಎಂದು ತಿಳಿದಿರಲಿಲ್ಲ. ಕುವೆಂಪು ಚರೆಗೂ ಗುಂಡಿಗೂ ಇರುವ ವ್ಯತ್ಯಾಸ ಬಲ್ಲರು. ನಮ್ಮ ಪದ್ಯಗಳಿಗೆ ಎಲ್ಲವೂ ಒಂದೇ 'ಗುಂಡು'. ಅವರ ಕೋವಿ ಕೋವಿ, ನಮ್ಮದು ರೂಪಕ. ನಮ್ಮ ಕೈಗೆ ಯಾವುದು ನಿಲುಕುವುದಿಲ್ಲವೋ ಅದು ನಮ್ಮ ಕಾವ್ಯದಲ್ಲಿ ರೂಪಕವಾಗುತ್ತದೆ ಎಂದು ಕಾಣುತ್ತದೆ. ಕೈಗೆ ನಿಲುಕಿದ್ದ ತಮಟೆ, ಬಲೆ, ದೊಣ್ಣೆ, ಪೊದೆಯ ಮುಳ್ಳು, ಇವುಗಳ ಬಗ್ಗೆ ಎಷ್ಟು ಬರೆದೆವು?

1936ರಲ್ಲಿ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಒಂದು ವಾದ ಇಡುತ್ತಾರೆ. ಈ ದೇಶದಲ್ಲಿ ಸಾಮಾಜಿಕ ಕ್ರಾಂತಿ ಏಕೆ ಆಗಲಿಲ್ಲ ಎಂದರೆ ಚಾತುರ್ವರ್ಣ್ಯ ಕೆಳಗಿನವರಿಂದ ಆಯುಧವನ್ನೂ ವಿದ್ಯೆಯನ್ನೂ ಒಟ್ಟಿಗೆ ಕಸಿದುಕೊಂಡಿತ್ತು ಎಂದು. ಅವರು ಸುಬೇದಾರನ ಮಗ ಎಂಬುದನ್ನು ನೆನಪಿಡಿ. 1890ರ ದಶಕದಲ್ಲಿ ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದಾಗ ಏನಾಯಿತು ಎಂಬುದು ಅವರಿಗೆ ಮನೆಯ ಸುದ್ದಿ. ಅವರಿಗೆ ಆಯುಧ ರೂಪಕವಾಗಿರಲಿಲ್ಲ. ಯಾರಿಗೆ ಕೊಟ್ಟರು, ಯಾರಿಂದ ಕಿತ್ತುಕೊಂಡರು ಎಂಬ ಲೆಕ್ಕವಾಗಿತ್ತು. ದೇವನೂರರ 'ಒಡಲಾಳ' ನನಗೆ ಹತ್ತಿರವಾಗುವುದೂ ಇದೇ ಕಾರಣಕ್ಕೆ. 1978ರ ಆ ಕತೆಯಲ್ಲಿ ಆಯುಧವಿಲ್ಲ. ಸಾಕವ್ವನ ಕಳೆದುಹೋದ ಹುಂಜ ಇದೆ, ರಾತ್ರಿಯೆಲ್ಲ ಮನೆಮಂದಿ ತಿಂದು ಮುಗಿಸುವ ಕಡಲೆಕಾಯಿ ಇದೆ, ಬೆಳಗಾದರೆ ಬಾಗಿಲಿಗೆ ಬರುವ ಪೊಲೀಸರಿದ್ದಾರೆ. ಠಾಣೆಯ ವರದಿ ಎಂದರೆ ಏನು ಎಂದು ಅದನ್ನು ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ. ಇವತ್ತು ನಾವು ಬರೆಯಬೇಕಾದ ಬೇಟೆಯ ಕತೆ ಆ ದಾರಿಯದು. ಬೈರ 'ನಾನು' ಅನ್ನಬೇಕು. ಅನ್ನುವಾಗ ಅವನ ಕೈಯಲ್ಲಿ ಕೋವಿ ಇರಲೇಬೇಕೆಂದಿಲ್ಲ.

ನನಗೆ ತುಪಾಕಿ ಬೇಡ. ಗುಂಪಿನ ಗೆಳೆಯರು ಕೇಳಿದಾಗ ಹೀಗೇ ಹೇಳಿದೆ. ಟೈಲರ್ ಗೆಳೆಯ ಕೂಡಲೇ ಅಂದ: "ಬೇಡ ಅನ್ನೋಕೆ ನಿಂಗ್ಯಾರು ಕೊಟ್ಟಿದ್ರು?" ಉತ್ತರ ಹೊಳೆಯಲಿಲ್ಲ.

ಅಣ್ಣನ ಪಹಣಿ ಇನ್ನೂ ಸರಿಯಾಗಿಲ್ಲ. ಹೋದ ಕಾರ್ತಿಕದಲ್ಲಿ ಒಂದು ರಾತ್ರಿ ಅವನ ಜೊತೆ ಹೊಲ ಕಾಯಲು ಹೋಗಿದ್ದೆ. ತುಪಾಕಿಯ ಪ್ರಶ್ನೆ ಕೇಳಿದ ಆ ಹುಡುಗನೂ ಬಂದಿದ್ದ. ಅಟ್ಟಣೆಯ ಮೇಲೆ ಮೂವರು, ಒಂದು ಕಂಬಳಿ, ಒಂದು ಟಾರ್ಚು, ಎರಡು ಎಣ್ಣೆ ಡಬ್ಬ. ಎರಡು ಗಂಟೆಯ ಹೊತ್ತಿಗೆ ಹಂದಿ ಬಂದವು. ಡಬ್ಬ ಬಡಿದೆವು, ಕೂಗಿದೆವು, ಇಳಿದು ಬದುವಿನ ತನಕ ಓಡಿಸಿದೆವು. ಅವು ಯಜಮಾನರ ತೋಟದ ಕಡೆ ನುಗ್ಗಿದವು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಒಂದು ಈಡು ಕೇಳಿಸಿತು. ಆಮೇಲೆ ಇನ್ನೊಂದು. ಹುಡುಗ ಆ ಕಡೆ ಹೋಗಲು ಹೊರಟ. "ಬಾರ್ಲಾ ಈ ಕಡೆ" ಎಂದು ಅಣ್ಣ ಅವನ ತೋಳು ಹಿಡಿದು ಎಳೆದ. ಡಬ್ಬ ಇನ್ನೂ ಅವನ ಇನ್ನೊಂದು ಕೈಯಲ್ಲೇ ಇತ್ತು.